ಜೆರ್ಸಿ ನಮ್ಮದು, ಬೆವರು ಅವರದು
ನಾಪೋಕ್ಲಿನ ಹಾಕಿ ಹಬ್ಬಕ್ಕೆ ಹೋಗಿ ಬಂದ ಆರು ಮಂದಿಯ ಅನುಭವ

ಮತ್ಸ್ಯಗಂಧ ಎಕ್ಸ್‌ಪ್ರೆಸ್ ಥಾಣೆಯಲ್ಲಿ ನಿಲ್ಲುವುದು ಕೆಲವೇ ನಿಮಿಷ. ಅಷ್ಟರಲ್ಲಿ ಐದು ಮಂದಿ, ಒಂಬತ್ತು ಹಾಕಿ ಸ್ಟಿಕ್‌ಗಳು, ಎರಡು ರಟ್ಟಿನ ಪೆಟ್ಟಿಗೆಗಳಲ್ಲಿ ಕಟ್ಟಿದ ಜೆರ್ಸಿಗಳು, ರಾತ್ರಿಯ ಊಟದ ಬುತ್ತಿ ಎಲ್ಲವೂ ಬೋಗಿಯೊಳಗೆ ಸೇರಬೇಕು. 2024ರ ಏಪ್ರಿಲ್ ತಿಂಗಳ ಮೊದಲ ವಾರದಲ್ಲಿ ಡೊಂಬಿವಲಿಯಿಂದ ನಾನು ಮತ್ತು ನನ್ನ ಮಗ, ಕಲ್ಯಾಣ್‌ನಿಂದ ದೊಡ್ಡಪ್ಪನ ಮಗ, ಥಾಣೆ ಮತ್ತು ಐರೋಲಿಯಿಂದ ಒಬ್ಬೊಬ್ಬರು ಹೀಗೆ ಹತ್ತಿದೆವು. ಪನ್ವೇಲ್‌ನಲ್ಲಿ ಖಾರ್‌ಘರ್‌ನ ಹುಡುಗಿ, ಸಂಬಂಧದಲ್ಲಿ ನನ್ನ ತಮ್ಮನ ಮಗಳು, ಸೇರಿಕೊಂಡಳು. ಆರೂ ಮಂದಿ ಒಂದೇ ಒಕ್ಕದವರು. ಹೊರಟದ್ದು ಕೊಡಗಿನ ನಾಪೋಕ್ಲಿಗೆ, ಕೊಡವ ಕುಟುಂಬಗಳ ನಡುವಿನ ಹಾಕಿ ಉತ್ಸವದಲ್ಲಿ ನಮ್ಮ ಮನೆತನದ ಪರವಾಗಿ ಆಡಲು.

ಹೋಗುವಾಗ ಇದ್ದ ಉತ್ಸಾಹ ಬರುವಾಗ ಇರಲಿಲ್ಲ. ಸೋತದ್ದಕ್ಕಲ್ಲ. ಸೋಲು-ಗೆಲುವು ಆಟದಲ್ಲಿ ಇದ್ದದ್ದೇ. ಮೈದಾನಕ್ಕೆ ಇಳಿಯುವ ಮೊದಲೇ ನಮ್ಮೊಳಗೆ ಬಿದ್ದ ಬಿರುಕು ಅದಕ್ಕೆ ಕಾರಣ. ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಯ ನಮ್ಮ ಕನ್ನಡ ಸಂಘಗಳು ಕ್ರಿಕೆಟ್, ಕಬಡ್ಡಿ, ವಾಲಿಬಾಲ್, ತ್ರೋಬಾಲ್ ತಂಡಗಳನ್ನು ಕಟ್ಟಿಕೊಂಡು ಊರಿಂದೂರಿಗೆ ಹೋಗುತ್ತಲೇ ಇರುತ್ತವೆ. ಅವರಿಗೂ ಇದು ಅಪರಿಚಿತ ಕತೆಯಲ್ಲ ಎಂದು ನಂಬಿ ಬರೆಯುತ್ತಿದ್ದೇನೆ.

ಅರುವತ್ತು ಕುಟುಂಬಗಳಿಂದ ಆರಂಭ

ಈ ಉತ್ಸವದ ಬಗ್ಗೆ ಕರಾವಳಿ ಮತ್ತು ಬಯಲುಸೀಮೆಯ ನಮ್ಮ ಗೆಳೆಯರು ಆಗಾಗ ಕೇಳುವುದುಂಟು. ಇದನ್ನು ಆರಂಭಿಸಿದವರು ಪಾಂಡಂಡ ಕುಟ್ಟಪ್ಪ. ಬ್ಯಾಂಕಿನಲ್ಲಿ ದುಡಿದವರು, ಹಾಕಿ ತೀರ್ಪುಗಾರರಾಗಿದ್ದವರು. ಉದ್ಯೋಗ, ಸೈನ್ಯ, ವ್ಯಾಪಾರ ಎಂದು ಚದುರಿಹೋದ ಕೊಡವ ಕುಟುಂಬಗಳು ವರ್ಷಕ್ಕೊಮ್ಮೆಯಾದರೂ ಒಂದು ಕಡೆ ಸೇರಬೇಕು, ಅದಕ್ಕೆ ಎಲ್ಲರಿಗೂ ಪ್ರೀತಿಯ ಹಾಕಿಯೇ ನೆಪವಾಗಲಿ ಎಂಬುದು ಅವರ ಯೋಚನೆ. 1997ರಲ್ಲಿ ವಿರಾಜಪೇಟೆ ತಾಲೂಕಿನ ಕರಡದಲ್ಲಿ ಮೊದಲ ಉತ್ಸವ ನಡೆದಾಗ ಬಂದ ಕುಟುಂಬ ತಂಡಗಳು 60. ಅಲ್ಲಿಂದ ಮುಂದೆ ಪ್ರತಿ ಬಾರಿ ಒಂದೊಂದು ಕುಟುಂಬ ಆತಿಥ್ಯ ವಹಿಸುತ್ತದೆ, ಕಪ್ ಕೂಡ ಆ ಕುಟುಂಬದ ಹೆಸರಿನಲ್ಲೇ ಇರುತ್ತದೆ. ಕೋವಿಡ್ ಕಾಲದಲ್ಲಿ ನಿಂತುಹೋಗಿದ್ದ ಉತ್ಸವ 2023ರಲ್ಲಿ ನಾಪೋಕ್ಲಿನಲ್ಲಿ ಮತ್ತೆ ಆರಂಭವಾಯಿತು. 2024ರಲ್ಲಿ ಅಲ್ಲಿಯೇ ನಡೆದ ಕುಂಡ್ಯೋಳಂಡ ಕಪ್‌ನಲ್ಲಿ 360 ಕುಟುಂಬಗಳು ಆಡಿ ಗಿನ್ನೆಸ್ ದಾಖಲೆಯಾಯಿತು. 2025ರಲ್ಲಿ ಮಡಿಕೇರಿಯಲ್ಲಿ ಮುದ್ದಂಡ ಕುಟುಂಬ ನಡೆಸಿದಾಗ ಸಂಖ್ಯೆ 396ಕ್ಕೆ ಏರಿತು.

ಇಲ್ಲಿನ ಮುಖ್ಯ ನಿಯಮ ಒಂದೇ. ತಂಡದಲ್ಲಿ ಆ ಕುಟುಂಬದವರೇ ಇರಬೇಕು. ಹಣ ಕೊಟ್ಟು ಹೊರಗಿನ ಆಟಗಾರರನ್ನು ತರುವಂತಿಲ್ಲ. ಗಂಡಸರು, ಹೆಂಗಸರು, ಶಾಲೆಗೆ ಹೋಗುವ ಮಕ್ಕಳು, ತಲೆ ನರೆತ ಅಜ್ಜಂದಿರು ಒಂದೇ ತಂಡದಲ್ಲಿ ಆಡುತ್ತಾರೆ. ಭಾರತಕ್ಕೆ ಆಡಿದವನೂ ಸ್ಟಿಕ್ ಹಿಡಿಯಲು ಈಗಷ್ಟೇ ಕಲಿತವಳೂ ಅಕ್ಕಪಕ್ಕ ನಿಲ್ಲುವುದು ಇಲ್ಲಿ ವಿಶೇಷವೇನಲ್ಲ. 1973ರ ಆಮ್‌ಸ್ಟರ್‌ಡ್ಯಾಮ್ ವಿಶ್ವಕಪ್‌ನಲ್ಲಿ ಬೆಳ್ಳಿ ಗೆದ್ದ ಭಾರತ ತಂಡದ ನಾಯಕ ಎಂ.ಪಿ. ಗಣೇಶ್, 1975ರಲ್ಲಿ ವಿಶ್ವಕಪ್ ಗೆದ್ದ ತಂಡದ ಬಿ.ಪಿ. ಗೋವಿಂದ, 1980ರ ಮಾಸ್ಕೋ ಒಲಿಂಪಿಕ್ಸ್‌ನ ಚಿನ್ನದ ತಂಡದಲ್ಲಿದ್ದು 1988ರ ಸಿಯೋಲ್‌ನಲ್ಲಿ ನಾಯಕರಾದ ಎಂ.ಎಂ. ಸೋಮಯ್ಯ ಇವರೆಲ್ಲ ಕೊಡಗಿನ ಮಣ್ಣಿನವರು. ಸೋಮಯ್ಯನವರಂತೂ ಮುಂಬಯಿಯಲ್ಲೇ ಉದ್ಯೋಗ ಮಾಡಿ ನಮ್ಮ ನಗರದವರೇ ಆದವರು. ಇಂಥ ಹೆಸರುಗಳನ್ನು ಕೇಳುತ್ತಾ ಬೆಳೆದ ನಮಗೆ ನಾವೂ ಆಟಗಾರರೇ ಎಂಬ ಭ್ರಮೆ ಸ್ವಲ್ಪ ಹೆಚ್ಚು. ನಮ್ಮ ತಂಡದ ಜಗಳಕ್ಕೆ ಮೂಲವೂ ಅದೇ.

ಮೂರು ಭಾನುವಾರಗಳ ಅಭ್ಯಾಸ

ನಾನು ಊರು ಬಿಟ್ಟು ಮೂವತ್ತೈದು ವರ್ಷವಾಯಿತು. ಕಾಲೇಜಿನಲ್ಲಿ ಸೆಂಟರ್ ಫಾರ್ವರ್ಡ್ ಆಗಿ ಆಡಿದ್ದೆ. ಆಮೇಲೆ ಸ್ಟಿಕ್ ಅಟ್ಟ ಸೇರಿತು, ನಾನು ಲೋಕಲ್ ರೈಲಿನ ಗುಂಪಿಗೆ ಸೇರಿದೆ. ಈ ಬಾರಿ ಆರು ಮಂದಿ ಒಟ್ಟಿಗೆ ಹೋಗೋಣ ಎಂದು ನಿಶ್ಚಯಿಸಿದಾಗ ಅಭ್ಯಾಸ ಮಾಡಬೇಕು ಎಂಬ ಮಾತು ಬಂತು. ಡೊಂಬಿವಲಿಯಲ್ಲಿ ಭಾನುವಾರ ಮೈದಾನ ಸಿಗುವುದೆಂದರೆ ಕ್ರಿಕೆಟಿಗರು ಏಳುವ ಮೊದಲು ಹೋಗಬೇಕು. ಬೆಳಿಗ್ಗೆ ಆರರಿಂದ ಏಳೂವರೆಯವರೆಗೆ ಎಂದು ಗೊತ್ತುಮಾಡಿದೆವು. ಐರೋಲಿಯ ಹುಡುಗನಿಗೆ ರಾತ್ರಿ ಪಾಳಿ ಮುಗಿಯುವುದೇ ಆ ಹೊತ್ತಿಗೆ. ಥಾಣೆಯವನಿಗೆ ಒಂದು ಭಾನುವಾರ ಮಗನ ಪರೀಕ್ಷೆ, ಇನ್ನೊಂದು ಭಾನುವಾರ ಮೆಗಾ ಬ್ಲಾಕ್‌ನ ನೆಪ. ಖಾರ್‌ಘರ್‌ನಿಂದ ಡೊಂಬಿವಲಿಗೆ ಬೆಳಿಗ್ಗೆ ಆರಕ್ಕೆ ಬರುವುದು ಆ ಹುಡುಗಿಗೆ ಸಾಧ್ಯವೇ ಇರಲಿಲ್ಲ. ಆಕೆ ಕಾಲೇಜು ತಂಡದಲ್ಲಿ ಟರ್ಫ್ ಮೇಲೆ ಆಡುತ್ತಿದ್ದಳು, ಅಭ್ಯಾಸ ಬೇಕಿದ್ದದ್ದು ನಮಗೆ. ಕೊನೆಗೆ ಮೂರು ಭಾನುವಾರ ಸೇರಿದೆವು, ಮೂರರಲ್ಲೂ ನಾಲ್ವರಿಗಿಂತ ಹೆಚ್ಚಿರಲಿಲ್ಲ.

ಆದರೆ ಜೆರ್ಸಿಯ ವಿಷಯದಲ್ಲಿ ನಾವು ಹಿಂದೆ ಬೀಳಲಿಲ್ಲ. ಇಪ್ಪತ್ತೈದು ಜೆರ್ಸಿ, ಬೆನ್ನ ಮೇಲೆ ಮನೆತನದ ಹೆಸರು, ಎದೆಯ ಮೇಲೆ ಸಣ್ಣದೊಂದು ಪೀಚೆಕತ್ತಿಯ ಚಿತ್ರ. ಖರ್ಚು ಹದಿನೆಂಟು ಸಾವಿರ ರೂಪಾಯಿ. ಅರ್ಧ ನನ್ನದು, ಉಳಿದದ್ದು ಕಲ್ಯಾಣ್ ಅಣ್ಣ ಮತ್ತು ಥಾಣೆಯವನದು. ಹಣ ಕೊಡುವಾಗ ಯಾರೂ ಷರತ್ತು ಹಾಕಲಿಲ್ಲ. ಹಾಕದ ಷರತ್ತು ಮನಸ್ಸಿನಲ್ಲಿತ್ತು ಎಂಬುದು ಗೊತ್ತಾದದ್ದು ಆಮೇಲೆ.

ಪನ್ವೇಲ್ ದಾಟಿ ರೋಹಾ ಬರುವಷ್ಟರಲ್ಲಿ ತಂಡದ ಪಟ್ಟಿಯ ಚರ್ಚೆ ಶುರುವಾಯಿತು. ಬುತ್ತಿ ಬಿಚ್ಚುವ ಹೊತ್ತಿಗೆ ಹನ್ನೊಂದರಲ್ಲಿ ಆರು ಸ್ಥಾನಗಳು ನಮಗೇ ಎಂದು ನಾವೇ ಹಂಚಿಕೊಂಡಿದ್ದೆವು. ಸೆಂಟರ್ ಫಾರ್ವರ್ಡ್ ನಾನು. ಗೋಲ್‌ಕೀಪರ್ ಕಲ್ಯಾಣ್ ಅಣ್ಣ. ಖಾರ್‌ಘರ್‌ನ ಹುಡುಗಿಯ ವಿಷಯ ಬಂದಾಗ ಮಾತ್ರ, ಮೊದಲ ಪಂದ್ಯ, ಎದುರಾಳಿ ಹೇಗೋ ಏನೋ, ಅವಳನ್ನು ಕೊನೆಯ ಐದು ನಿಮಿಷಕ್ಕೆ ಇಳಿಸಿದರಾಯಿತು ಎಂದರು ಅಣ್ಣ. ನಾನೂ ತಲೆಯಾಡಿಸಿದೆ. ಅವಳು ಮೇಲಿನ ಬರ್ತ್‌ನಲ್ಲಿ ಮಲಗಿದ್ದಳು, ನಿದ್ದೆ ಬಂದಿರಲಿಲ್ಲ ಎಂದು ಆಮೇಲೆ ಹೇಳಿದಳು.

ದೀಪದ ಮುಂದೆ ಓದಿದ ಪಟ್ಟಿ

ಕೊಡಗಿಗೆ ರೈಲಿಲ್ಲ. ಮಂಗಳೂರಿನಲ್ಲಿ ಇಳಿದು ಪುತ್ತೂರು, ಸುಳ್ಯ, ಸಂಪಾಜೆ ಘಾಟಿಯ ಮೂಲಕ ಮಡಿಕೇರಿ, ಅಲ್ಲಿಂದ ಮತ್ತೆ ಬಸ್ಸು. ಐನ್‌ಮನೆ ತಲಪಿದಾಗ ಸಂಜೆಯಾಗಿತ್ತು. ಅತ್ತಿಗೆ ಕಡಂಬುಟ್ಟು, ಪಂದಿ ಕರಿ ಮಾಡಿಟ್ಟಿದ್ದರು. ಊಟವಾದ ಮೇಲೆ ನೆಲ್ಲಕ್ಕಿ ನಡುಬಾಡೆಯಲ್ಲಿ, ಕಾರಣರಿಗೆ ಹಚ್ಚಿಟ್ಟ ದೀಪದ ಮುಂದೆ ಎಲ್ಲರೂ ಕುಳಿತೆವು. ತಂಡದ ನಾಯಕ ನನ್ನ ಅಣ್ಣನ ಮಗ. ಊರಲ್ಲೇ ಇದ್ದು ಕಾಫಿ ತೋಟ ನೋಡಿಕೊಳ್ಳುವವನು. ಜೇಬಿನಿಂದ ಚೀಟಿ ತೆಗೆದು ಮರುದಿನದ ಹನ್ನೊಂದು ಹೆಸರು ಓದಿದ. ಮುಂಬಯಿ ಕಡೆಯಿಂದ ಬಂದ ಆರು ಮಂದಿಯಲ್ಲಿ ಒಂದೇ ಹೆಸರಿತ್ತು, ಖಾರ್‌ಘರ್‌ನ ಹುಡುಗಿಯದು. ಸೆಂಟರ್ ಹಾಫ್.

ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮೊದಲು ಬಾಯಿ ತೆರೆದವರು ಕಲ್ಯಾಣ್ ಅಣ್ಣ. ಸಾವಿರಾರು ರೂಪಾಯಿ ಟಿಕೆಟ್‌ಗೆ ಸುರಿದು ಬಂದದ್ದು ಬೇಲಿಯ ಹೊರಗೆ ನಿಂತು ಚಪ್ಪಾಳೆ ತಟ್ಟಲಿಕ್ಕಾ ಎಂದರು. ಥಾಣೆಯವನು ಫೋನ್ ಹಿಡಿದು ಹೊರಗೆ ಹೋದ. ನಾನು ಹಿರಿಯನಾಗಿ ಸಮಾಧಾನ ಹೇಳಬೇಕಿತ್ತು. ಹೇಳಿದ್ದು ಬೇರೆ. "ಜೆರ್ಸಿ ಕೊಟ್ಟವರು ನಾವು. ಅದಾದರೂ ನೆನಪಿರಲಿ" ಎಂದೆ.

ಅಣ್ಣನ ಮಗ ದನಿ ಏರಿಸಲಿಲ್ಲ. "ಜೆರ್ಸಿ ನೀವು ಕೊಟ್ಟಿರಿ ಚಿಕ್ಕಪ್ಪ, ಇಲ್ಲ ಅನ್ನುವುದಿಲ್ಲ. ಜನವರಿಯಿಂದ ಈ ಹುಡುಗರು ಕಾಫಿ ಕುಯ್ಲಿನ ದಿನಗಳಲ್ಲೂ ಸಂಜೆ ಐದಕ್ಕೆ ಮೈದಾನಕ್ಕೆ ಬಂದಿದ್ದಾರೆ. ರಾತ್ರಿ ತೋಟಕ್ಕೆ ಸ್ಪ್ರಿಂಕ್ಲರ್ ಬಿಡಲಿಕ್ಕೆ ಎದ್ದವನು ಬೆಳಿಗ್ಗೆ ಓಡಲಿಕ್ಕೆ ಬಂದಿದ್ದಾನೆ. ನಿನ್ನೆ ಬಂದವರಿಗೆ ಜಾಗ ಬಿಡು ಅಂತ ಅವನಿಗೆ ನಾನು ಹೇಗೆ ಹೇಳಲಿ?" ಎಂದು ಕೇಳಿದ. ಉತ್ತರ ನನ್ನಲ್ಲಿ ಇರಲಿಲ್ಲ. ಆದರೂ ನಾನು ಸುಮ್ಮನಾಗಲಿಲ್ಲ, ನಮ್ಮ ಕಾಲದಲ್ಲಿ ಹೀಗಿರಲಿಲ್ಲ ಎಂದೇನೋ ಅಂದೆ. ಆ ರಾತ್ರಿ ಯಾರಿಗೂ ಸರಿಯಾಗಿ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಖಾರ್‌ಘರ್‌ನ ಹುಡುಗಿ ಎರಡು ಸ್ಟಿಕ್ ಹಿಡಿದು ಬಂದು, "ಬನ್ನಿ ದೊಡ್ಡಪ್ಪ, ಸ್ವಲ್ಪ ಹೊಡೆಯೋಣ" ಎಂದು ಕರೆದಳು. ಮನೆಯ ಮುಂದಿನ ಕಣದಲ್ಲಿ ಹತ್ತು ಚೆಂಡು ತಳ್ಳಿದಳು. ನಾನು ನಿಲ್ಲಿಸಿದ್ದು ನಾಲ್ಕು. ಆರನೆಯದು ಮೊಣಕಾಲಿಗೆ ಬಡಿಯಿತು. ಅವಳು ನಗಲಿಲ್ಲ, ಮಾತೂ ಆಡಲಿಲ್ಲ, ಚೆಂಡು ಹೆಕ್ಕಿಕೊಂಡು ಬಂದಳು. ಮೂವತ್ತೈದು ವರ್ಷದ ಲೆಕ್ಕ ನನಗೆ ಅಲ್ಲಿ ಸಿಕ್ಕಿತು.

ಏಳು ನಿಮಿಷ

ಹಾಕಿಯಲ್ಲಿ ಒಂದು ಅನುಕೂಲವಿದೆ. ಫುಟ್‌ಬಾಲ್‌ನಲ್ಲಿ ಹೊರಗೆ ಬಂದವನು ಸಾಮಾನ್ಯವಾಗಿ ಮತ್ತೆ ಒಳಗೆ ಹೋಗುವಂತಿಲ್ಲ. ಹಾಕಿಯಲ್ಲಿ 1990ರ ದಶಕದಿಂದ ರೋಲಿಂಗ್ ಬದಲಾವಣೆಗೆ ಅವಕಾಶವಿದೆ. ಆಟ ನಡೆಯುತ್ತಿರುವಾಗಲೇ ಒಬ್ಬ ಹೊರಗೆ ಬಂದು ಇನ್ನೊಬ್ಬ ಇಳಿಯಬಹುದು, ದಣಿವಾರಿಸಿಕೊಂಡು ಮೊದಲಿನವನು ಮತ್ತೆ ಹೋಗಬಹುದು. ಬೆಂಚಿನಲ್ಲಿ ಕುಳಿತವನು ಬೇಡವಾದವನಲ್ಲ, ಅವನ ಸರದಿ ಬರಲಿದೆ ಅಷ್ಟೆ. ಮೈದಾನಕ್ಕೆ ಹೋಗುವ ಜೀಪಿನಲ್ಲಿ ಅಣ್ಣನ ಮಗ ಇದನ್ನೇ ಹೇಳಿದ. ಎಲ್ಲರನ್ನೂ ಇಳಿಸುತ್ತೇನೆ, ಯಾವಾಗ, ಎಷ್ಟು ಹೊತ್ತು ಎಂಬುದನ್ನು ಮಾತ್ರ ನನಗೆ ಬಿಡಿ ಎಂದ. ಹಿಂದಿನ ಸಂಜೆಯೇ ಅವನು ಹೀಗೆ ಹೇಳಿದ್ದರೆ, ಅಥವಾ ಥಾಣೆಯಲ್ಲಿ ರೈಲು ಹತ್ತುವ ಮೊದಲೇ ನಾವು ಕೇಳಿ ತಿಳಿದುಕೊಂಡಿದ್ದರೆ, ಆ ರಾತ್ರಿಯ ಮಾತುಗಳು ಬರುತ್ತಿರಲಿಲ್ಲ.

ನನಗೆ ಸಿಕ್ಕಿದ್ದು ಏಳು ನಿಮಿಷ. ಚೆಂಡು ಎರಡು ಬಾರಿ ಕಾಲಬಳಿ ಬಂತು, ಒಮ್ಮೆ ಸರಿಯಾಗಿ ಕೊಟ್ಟೆ, ಒಮ್ಮೆ ಕಳಕೊಂಡೆ. ಉಸಿರು ಸಿಕ್ಕಿಕೊಂಡು ನಾನೇ ಕೈಯೆತ್ತಿ ಹೊರಗೆ ಬಂದೆ. ಆ ಪಂದ್ಯ ಗೆದ್ದೆವು. ಖಾರ್‌ಘರ್‌ನ ಹುಡುಗಿ ಪೂರ್ತಿ ಆಡಿದಳು. ಎರಡನೆಯ ಪಂದ್ಯದಲ್ಲಿ ಸೋತು ಹೊರಬಿದ್ದೆವು. ಆ ಹೊತ್ತಿಗೆ ಕಲ್ಯಾಣ್ ಅಣ್ಣ ನಮ್ಮೊಂದಿಗಿರಲಿಲ್ಲ. ಮೊದಲ ಪಂದ್ಯದಲ್ಲಿ ಕೊನೆಯ ಕೆಲವು ನಿಮಿಷ ಗೋಲಿಗೆ ನಿಲ್ಲು ಎಂದಾಗ ಬೇಡವೆಂದು ಹೇಳಿ, ಮರುದಿನ ಬೆಳಿಗ್ಗೆಯ ಬಸ್ಸಿಗೆ ಒಬ್ಬರೇ ಹೊರಟುಹೋಗಿದ್ದರು.

ಸೋತ ಸಂಜೆ ಮೈದಾನದ ಬದಿಯಲ್ಲಿ ಅಣ್ಣನ ಮಗ ನನ್ನ ಪಕ್ಕ ಬಂದು ಕುಳಿತ. ಅವನ ಮನಸ್ಸಿನಲ್ಲಿದ್ದದ್ದು ಹಾಕಿಯ ವಿಷಯವೇ ಅಲ್ಲ. ಐನ್‌ಮನೆಯ ಹೆಂಚು ಬದಲಿಸಬೇಕೆಂದು ಎರಡು ವರ್ಷದಿಂದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬರೆಯುತ್ತಿದ್ದ. ಉತ್ತರ ಬಂದದ್ದು ಕೈಮುಗಿಯುವ ಚಿತ್ರಗಳು ಮಾತ್ರ. ಜೆರ್ಸಿಗೆ ಮಾತ್ರ ಒಂದೇ ವಾರದಲ್ಲಿ ಹಣ ಸೇರಿತು. "ನಾನೂ ಬೆಂಗಳೂರಿಗೆ ಹೋಗುವ ಯೋಚನೆಯಲ್ಲಿದ್ದೇನೆ ಚಿಕ್ಕಪ್ಪ. ಈ ಹುಡುಗರಲ್ಲೂ ಇಬ್ಬರು ಹೊರಡುವವರು. ಮುಂದಿನ ವರ್ಷ ಹನ್ನೊಂದು ಜನ ಆಗುತ್ತಾರೋ ಇಲ್ಲವೋ" ಎಂದ. ಹಿಂದಿನ ರಾತ್ರಿ ನಾವು ಜಗಳವಾಡಿದ್ದು ಯಾರು ಆಡಬೇಕು ಎಂದು. ಅವನು ಒಂಟಿಯಾಗಿ ಯೋಚಿಸುತ್ತಿದ್ದದ್ದು ಆಡಲು ಯಾರಾದರೂ ಉಳಿಯುತ್ತಾರೆಯೇ ಎಂದು.

ಗೆದ್ದವರಲ್ಲೂ ಮನಸ್ತಾಪ

ಇದು ಹವ್ಯಾಸಿ ತಂಡಗಳಿಗೆ ಮಾತ್ರ ಸೀಮಿತವಾದ ರೋಗವಲ್ಲ. 1998ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನಲ್ಲಿ ಭಾರತ 32 ವರ್ಷಗಳ ನಂತರ ಹಾಕಿ ಚಿನ್ನ ಗೆದ್ದಿತು. ದಕ್ಷಿಣ ಕೊರಿಯ ವಿರುದ್ಧದ ಫೈನಲ್ ಪೆನಾಲ್ಟಿ ಸ್ಟ್ರೋಕ್‌ಗಳಿಗೆ ಹೋದಾಗ ಗೋಲ್‌ಕೀಪರ್ ಆಶಿಶ್ ಬಲ್ಲಾಳ್ ಗೋಡೆಯಂತೆ ನಿಂತರು. ನಾಯಕ ಧನರಾಜ್ ಪಿಳ್ಳೈ ಪುಣೆಯ ಖಡ್ಕಿಯವರು, ಮುಂಬಯಿಯ ಮೈದಾನಗಳಲ್ಲಿ ಬೆಳೆದವರು. ಆದರೆ ಆ ಸಂಭ್ರಮ ಇಳಿಯುವ ಮೊದಲೇ ಆಟಗಾರರಿಗೂ ಅಂದಿನ ಭಾರತೀಯ ಹಾಕಿ ಫೆಡರೇಷನ್‌ಗೂ ನಡುವೆ ಮನಸ್ತಾಪ ಬೆಳೆಯಿತು. ಮುಂದಿನ ಸರಣಿಗೆ ತಂಡ ಪ್ರಕಟವಾದಾಗ ಧನರಾಜ್, ಬಲ್ಲಾಳ್ ಸೇರಿದಂತೆ ಚಿನ್ನ ಗೆದ್ದ ಹಲವರ ಹೆಸರಿರಲಿಲ್ಲ. ತರಬೇತುದಾರ ಎಂ.ಕೆ. ಕೌಶಿಕ್ ಕೂಡ ಹುದ್ದೆ ಕಳಕೊಂಡರು. ಚಿನ್ನ ಗೆದ್ದ ತಂಡವೇ ಹೀಗೆ ಚದುರಿತೆಂದ ಮೇಲೆ ಭಾನುವಾರದ ತಂಡಗಳ ಪಾಡೇನು?

ನಮ್ಮ ಸಂಘಗಳ ಕ್ರೀಡಾಕೂಟಗಳನ್ನೇ ನೋಡಿ. ಕಾರ್ಯಕಾರಿ ಸಮಿತಿಯವರ ಮಗನಿಗೆ ಬ್ಯಾಟಿಂಗ್ ಮೊದಲು ಎಂಬ ದೂರು, ಪ್ರಾಯೋಜಕರಿಗೆ ನಾಯಕತ್ವ ಎಂಬ ಗುಸುಗುಸು, ಥಾಣೆಯವರು ಡೊಂಬಿವಲಿಯವರನ್ನು ಬದಿಗೆ ತಳ್ಳಿದರು ಎಂಬ ಅಸಮಾಧಾನ ಯಾವ ಕೂಟದಲ್ಲಿ ಇಲ್ಲ? ಹಿರಿಯರು ಇದನ್ನು ಮರೆತುಬಿಡುತ್ತಾರೆ, ಮುಂದಿನ ವಾರ ಸಂಘದ ಯಕ್ಷಗಾನಕ್ಕೋ ಭಜನೆಗೋ ಬರುತ್ತಾರೆ. ಇಲ್ಲೇ ಹುಟ್ಟಿ ಮರಾಠಿ, ಹಿಂದಿ, ಇಂಗ್ಲಿಷ್ ನಡುವೆ ಬೆಳೆದ ನಮ್ಮ ಮಕ್ಕಳು ಹಾಗಲ್ಲ. ಅವರಲ್ಲಿ ಅನೇಕರಿಗೆ ಸಂಘದ ಬಾಗಿಲು ಎಂದರೆ ಆಟವೊಂದೇ. ಒಮ್ಮೆ ಮುಖ ಮುರಿದರೆ ಆ ಬಾಗಿಲೂ ಮುಚ್ಚಿತು. ಸಂಘದ ಕಟ್ಟಡ ಕಟ್ಟಲು ಪಟ್ಟ ಶ್ರಮ ನಮಗೆ ಗೊತ್ತಿದೆ. ಅದರೊಳಗೆ ನಾಳೆ ಕುಳಿತುಕೊಳ್ಳುವವರನ್ನು ಉಳಿಸಿಕೊಳ್ಳುವ ಶ್ರಮವೂ ಅಷ್ಟೇ ಬೇಕು.

ಹೊರಡುವ ಮೊದಲೇ ಆಗಬೇಕಾದ ಮಾತು

ನಾಪೋಕ್ಲಿನಿಂದ ಬಂದ ಮೇಲೆ ನಾವು ಉಳಿದ ಐವರು ಡೊಂಬಿವಲಿಯ ನಮ್ಮ ಮನೆಯಲ್ಲಿ ಸೇರಿ, ಊರಿನವರನ್ನು ಫೋನಿನಲ್ಲಿ ಕೂರಿಸಿಕೊಂಡು ಕೆಲವು ವಿಷಯ ಬರೆದಿಟ್ಟೆವು. ಬೇರೆ ತಂಡಗಳಿಗೂ ಉಪಯೋಗವಾದೀತು ಎಂದು ಇಲ್ಲಿ ಕೊಡುತ್ತಿದ್ದೇನೆ.

ಒಂದು, ಆಟಗಾರರ ಪಟ್ಟಿ ಯಾರು ಮಾಡುತ್ತಾರೆ ಎಂಬುದು ಟಿಕೆಟ್ ಕಾದಿರಿಸುವ ಮೊದಲೇ ಎಲ್ಲರಿಗೂ ತಿಳಿದಿರಬೇಕು. ಅದು ಒಬ್ಬರ ಕೆಲಸ, ಗುಂಪಿನದಲ್ಲ. ಎರಡು, ಅಭ್ಯಾಸಕ್ಕೆ ಬಂದ ದಿನಗಳನ್ನು ಬರೆದಿಡಬೇಕು, ಇಲ್ಲಿಯವರದೂ ಊರಿನವರದೂ. ಮೂರು, ಜೆರ್ಸಿ, ಊಟ, ವಾಹನಕ್ಕೆ ಕೊಡುವ ಹಣ ಕಾಣಿಕೆ. ಅದರಿಂದ ಮೈದಾನದಲ್ಲಿ ಯಾವ ಹಕ್ಕೂ ಬರುವುದಿಲ್ಲ. ಸಾಧ್ಯವಾದರೆ ಎಲ್ಲರಿಂದ ಸಮನಾಗಿ ಸ್ವಲ್ಪ ಸ್ವಲ್ಪ ತೆಗೆದುಕೊಳ್ಳುವುದು ಒಳ್ಳೆಯದು. ನಾಲ್ಕು, ಆಟದಲ್ಲಿ ಬದಲಾವಣೆಗೆ ಅವಕಾಶವಿದ್ದರೆ ಬಂದ ಪ್ರತಿಯೊಬ್ಬರಿಗೂ ಕೆಲವು ನಿಮಿಷವಾದರೂ ಸಿಗಬೇಕು, ಅದನ್ನು ಮೊದಲೇ ಹೇಳಬೇಕು. ಐದು, ಆಡದ ಹಿರಿಯರಿಗೂ ಕೆಲಸ ಬೇಕು. ಬದಲಾವಣೆಯ ಸಮಯ ನೋಡುವವರು, ನೀರು, ಔಷಧದ ಪೆಟ್ಟಿಗೆ ಹಿಡಿಯುವವರು, ಮಕ್ಕಳನ್ನು ನೋಡಿಕೊಳ್ಳುವವರು ಇಲ್ಲದಿದ್ದರೆ ಯಾವ ತಂಡವೂ ನಡೆಯದು. ಆರು, ಅಸಮಾಧಾನವಿದ್ದರೆ ಪಂದ್ಯದ ಹಿಂದಿನ ರಾತ್ರಿ ಎತ್ತಬಾರದು. ಆಟ ಮುಗಿದ ಮೇಲೆ ಎಲ್ಲರೂ ಕುಳಿತು ಒಂದು ಗಂಟೆ ಅದಕ್ಕೇ ಇಡಬೇಕು.

ಇದರ ಜೊತೆ ಇನ್ನೊಂದು ನಿರ್ಧಾರವೂ ಆಯಿತು. ಅದು ಆಟದ್ದಲ್ಲ. ಜೆರ್ಸಿಗೆ ಕೊಟ್ಟಷ್ಟೇ ಹಣವನ್ನು ಪ್ರತಿಯೊಬ್ಬರೂ ಐನ್‌ಮನೆಯ ಹೆಂಚಿಗೆ ಕೊಟ್ಟೆವು. ಜೆರ್ಸಿಗೆ ಕೊಡದಿದ್ದ ಐರೋಲಿಯ ಹುಡುಗ ತನ್ನ ಮೊದಲ ಬೋನಸ್‌ನಿಂದ ಎಲ್ಲರಿಗಿಂತ ಹೆಚ್ಚು ಕೊಟ್ಟ.

2025ರಲ್ಲಿ ಮಡಿಕೇರಿಗೆ ಮತ್ತೆ ಹೋದೆವು. ಜೆರ್ಸಿ ಹಳೆಯದೇ. ನನ್ನ ಮಗ ಎಂಟು ಭಾನುವಾರ ಅಭ್ಯಾಸಕ್ಕೆ ಹೋಗಿದ್ದ, ಹನ್ನೊಂದರಲ್ಲಿ ಅವನ ಹೆಸರಿತ್ತು. ಖಾರ್‌ಘರ್‌ನ ಹುಡುಗಿ ಉಪನಾಯಕಿ. ಅಣ್ಣನ ಮಗ ಬೆಂಗಳೂರಿಗೆ ಹೋಗುವುದನ್ನು ಒಂದು ವರ್ಷ ಮುಂದೆ ಹಾಕಿದ್ದಾನೆ, ಆಮೇಲೆ ಏನೋ ಗೊತ್ತಿಲ್ಲ ಎಂದ. ಮೊದಲ ಸುತ್ತಿನಲ್ಲೇ ಸೋತೆವು. ನಾನು ಸ್ಟಿಕ್ ಒಯ್ದಿರಲಿಲ್ಲ. ಗಡಿಯಾರ ನೋಡಿ ಬದಲಾವಣೆಗೆ ಕೂಗುವ ಕೆಲಸ ನನ್ನದಾಗಿತ್ತು.

ಕಲ್ಯಾಣ್ ಅಣ್ಣ ಬರಲಿಲ್ಲ. ಹೊರಡುವ ಹಿಂದಿನ ದಿನ ನಾನೇ ಅವರ ಮನೆಗೆ ಹೋಗಿದ್ದೆ. ಚಹಾ ಕೊಟ್ಟರು, ಮೊಮ್ಮಗಳ ಶಾಲೆಯ ವಿಷಯ ಮಾತಾಡಿದರು, ಹಾಕಿಯ ಮಾತು ಎತ್ತಲಿಲ್ಲ. ಬೀಳ್ಕೊಡಲು ಕಲ್ಯಾಣ್ ಸ್ಟೇಷನ್‌ವರೆಗೆ ಬಂದರು. ಅವರ ಗೋಲ್‌ಕೀಪರ್ ಪ್ಯಾಡ್‌ಗಳು ಇನ್ನೂ ಊರಿನ ಮನೆಯಲ್ಲೇ ಇವೆ. ಮುಂದಿನ ಸಲ ಅವರನ್ನು ಕರೆಯಲು ಒಂದು ದಿನ ಮೊದಲಲ್ಲ, ಅಭ್ಯಾಸದ ಮೊದಲ ಭಾನುವಾರವೇ ಹೋಗಬೇಕು ಎಂದುಕೊಂಡಿದ್ದೇನೆ.